ಮೂರನೆಯ ಹಲಗೆ

"ಗುರುಗಳೇ, ನಾನೂ ಚನ್ನವೀರನೂ ಮೂರು ವರ್ಷ ವಾದ ಮಾಡಿದೆವು. ಈಗ ನಮ್ಮಿಬ್ಬರಲ್ಲಿ ಕೂದಲೆಳೆಯಷ್ಟೂ ಭೇದವಿಲ್ಲ. ಊರೂರಿಗೆ ಹೋಗಿ ಉಪದೇಶ ಮಾಡಲು ಅಪ್ಪಣೆಯೇ?" ಎಂದು ಇಬ್ಬರು ಶಿಷ್ಯರಲ್ಲಿ ಒಬ್ಬನಾದ ನಿಂಗಯ್ಯ ಕೇಳಿದ. ಗುರುಗಳು ಅಪ್ಪಣೆ ಕೊಡಲಿಲ್ಲ, ಒಂದು ಕತೆ ಹೇಳಿದರು.

ಒಬ್ಬ ಮೆಕ್ಯಾನಿಕ್ಕು ಕಾರ್ಖಾನೆ ಬಿಟ್ಟು ಮನೆಯ ಹಿಂದಿನ ಶೆಡ್ಡಿನಲ್ಲಿ ಸ್ವಂತ ಕೆಲಸ ಹೂಡಿದ. ಮೊದಲು ಅವನಿಗೆ ಬೇಕಾದದ್ದು ತೀರ ಸಮತಟ್ಟಾದ ಒಂದು ಕಬ್ಬಿಣದ ಹಲಗೆ. ಮುಂದೆ ಮಾಡುವುದನ್ನೆಲ್ಲ ಅದರ ಮೇಲಿಟ್ಟೇ ಪರೀಕ್ಷಿಸಬೇಕು. ಅದು ಸುಳ್ಳಾದರೆ ಅವನ ದುಡಿಮೆಯೆಲ್ಲ ಸುಳ್ಳು. ಕೈಯಿಂದಲೇ ಹೆರೆದು ಮಾಡುತ್ತೇನೆಂದು ಹಟ ಹಿಡಿದ.

ಎರಡು ಹಲಗೆ ತಂದ. ಒಂದಕ್ಕೆ ತೆಳ್ಳಗೆ ನೀಲಿ ಬಣ್ಣ ಸವರಿ ಇನ್ನೊಂದನ್ನು ಅದರ ಮೇಲೆ ಉಜ್ಜುವುದು. ಉಬ್ಬಿದ ಕಡೆ ಬಣ್ಣ ಹತ್ತುತ್ತದೆ. ಅಷ್ಟನ್ನೇ ಉಳಿಯಿಂದ ಹೆರೆಯುವುದು. ಮತ್ತೆ ಬಣ್ಣ, ಮತ್ತೆ ಉಜ್ಜುವುದು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ನಾಲ್ಕು ತಿಂಗಳಿಗೆ ಮೂಲೆಮೂಲೆಗೂ ನೀಲಿ ಹತ್ತಿತು. ಹೆತ್ತವರಿಗೆ ಹೆಗ್ಗಣ ಮುದ್ದು. ದಾರಿಹೋಕರನ್ನೂ ಕರೆದು ತೋರಿಸಿದ.

ಹಾಗೆ ಬಂದವರಲ್ಲಿ ಒಬ್ಬ ಮುದುಕ ಫಿಟ್ಟರ್. ನೋಡಿದ, ಹೊಗಳಲಿಲ್ಲ. ಮನೆಗೆ ಹೋಗಿ ತನ್ನದೊಂದು ಹಳೆಯ ಹಲಗೆ ತಂದ. ಬಣ್ಣ ಹಚ್ಚಿ ಎರಡರ ಮೇಲೂ ಉಜ್ಜಿದ. ಒಂದಕ್ಕೆ ನಡುವೆ ಮಾತ್ರ ಹತ್ತಿತು, ಇನ್ನೊಂದಕ್ಕೆ ಅಂಚಿಗೆ ಮಾತ್ರ.

"ಒಂದು ಉಬ್ಬಿದೆ, ಒಂದು ತಗ್ಗಿದೆ ಕಣಪ್ಪ. ಬೋಗುಣಿಯೊಳಗೆ ಬೋಗುಣಿ ಕೂತ ಹಾಗೆ ಕೂತಿವೆ," ಎಂದ.

ಮೆಕ್ಯಾನಿಕ್ಕಿಗೆ ಮೈ ಉರಿಯಿತು. "ನಿಮ್ಮದು ಸಮವಾಗಿದೆ ಅಂತ ಯಾರು ಹೇಳಿದರು?"

"ಅದೂ ಪೂರ್ತಿ ಸಮವಲ್ಲ. ಎರಡು ಸೊಟ್ಟ ಹಲಗೆಗಳು ಒಂದಕ್ಕೊಂದು ಹೊಂದುತ್ತವೆ, ಮೂರು ಹೊಂದಲಾರವು. ಪ್ರತಿಯೊಂದೂ ಉಳಿದೆರಡಕ್ಕೆ ಕೂರುವವರೆಗೆ ಮೂರನ್ನೂ ಹೆರೆ."

ಅವನಿಗೆ ಅಳುವೇ ಬಂತು. ನಾಲ್ಕು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಆದರೂ ಮುದುಕನ ಹಲಗೆಯನ್ನು ಹಿಂದಕ್ಕೆ ಕೊಡಲಿಲ್ಲ. ಉಳಿ ಮಸೆದು ಮತ್ತೆ ಕೂತ. ನಡುವೆ ಎರಡು ಸಲ ಬಿಟ್ಟೆದ್ದ, ಎರಡು ಸಲವೂ ತಾನೇ ಬಂದು ಕೂತ. ಹನ್ನೊಂದು ತಿಂಗಳಿಗೆ ಮೂರೂ ಹೊಂದಿದವು.

ಕತೆ ಮುಗಿಯಿತು. ನಿಂಗಯ್ಯ ಯೋಚಿಸಿದ. "ಹಾಗಾದರೆ ನಮಗೆ ಮೂರನೆಯವರು ಎಲ್ಲಿ ಸಿಗುತ್ತಾರೆ, ಗುರುಗಳೇ? ತಾವೇ ಆಗಬಾರದೇ?"

ಗುರುಗಳು ಕೇಳಿದರು: "ನಿನ್ನ ಮಾತೊಂದನ್ನೂ ಒಪ್ಪದ ನಿಮ್ಮಣ್ಣನ ಜೊತೆ ನೀನು ಮಾತು ಬಿಟ್ಟು ಎಷ್ಟು ವರ್ಷವಾಯಿತು?"