ಹಿಡಿಯಷ್ಟು ಹೂಕೋಸು

ಗೂಳಯ್ಯ ಮಾಡಿದ್ದು ತಪ್ಪು. ಸಸಿಗೆ ಹಿಡಿದ ಹಗ್ಗದಿಂದಲೇ ಮನುಷ್ಯರಿಗೂ ಜಾಗ ಅಳೆದ.

ಹೊಳೆದಂಡೆಯ ಆಶ್ರಮದಲ್ಲಿ ಅವನು ಮರುಳಪ್ಪಜ್ಜನ ಶಿಷ್ಯ. ತೋಟ ಅವನ ಪಾಲಿನ ಕಾಯಕ. ಹೂಕೋಸಿನ ಸಸಿಗಳನ್ನು ಬೇಕೆಂದೇ ಗೇಣಿಗೂ ಕಡಿಮೆ ಅಂತರದಲ್ಲಿ ಒತ್ತೊತ್ತಾಗಿ ನೆಡುತ್ತಿದ್ದ. ಹೂವು ಹಿಡಿಯಷ್ಟೇ ಆಗುತ್ತಿತ್ತು.

ಒಂದೇ ಹಂಡೆ, ಎಲ್ಲರಿಗೂ ಒಂದೇ ಪಲ್ಯ ಎಂಬುದು ಆಶ್ರಮದ ಹಳೆಯ ನೇಮ. ಗೂಳಯ್ಯ ಅದನ್ನು ಮುರಿದ. ಅತಿಥಿಗಳ ಎಲೆಗೆ ತಲೆಗೊಂದು ಇಡೀ ಹೂವು ಬಿತ್ತು. ಕಾರು ಮಾಡಿಕೊಂಡು ಬಂದವರು ಅದರ ಫೋಟೊ ತೆಗೆದುಕೊಂಡರು. ದಾಸೋಹದ ಪಂಕ್ತಿಯಲ್ಲಿ ಸಾರು ತೆಳ್ಳಗಾಯಿತು. ಅದರ ಫೋಟೊ ಯಾರೂ ತೆಗೆಯಲಿಲ್ಲ.

ತೋಟದ ಕೆಲಸದವರಿಗೆ ತಗಡಿನ ಗುಡಿಸಲು ಹಾಕಿಸಿದವನೂ ಅವನೇ. ಸಸಿಯ ಸಾಲಿಗೆ ಹಿಡಿಯುವ ಗಂಟುಹಗ್ಗವನ್ನೇ ಅಲ್ಲೂ ಹಿಡಿದ. ಗೋಡೆಗೆ ಗೋಡೆ ತಾಗಿತು. ಒಳಗೆ ಒಬ್ಬರು ಕಾಲು ಚಾಚಿದರೆ ಇನ್ನೊಬ್ಬರ ತಲೆಗೆ ತಗಲುತ್ತಿತ್ತು.

ಆ ಸಾಲಿನಲ್ಲಿ ಕಳೆ ಕೀಳುವ ದುರುಗವ್ವ ಇದ್ದಳು. ಅವಳ ಮಗಳು ಹುಲಿಗೆವ್ವನಿಗೆ ಕ್ಷಯ. ಡಾಕ್ಟರು ಮಾತ್ರೆ ಕೊಟ್ಟಿದ್ದರು. ಗಾಳಿಯಾಡುವ ಕಡೆ ಬೇರೆ ಮಲಗಿಸು, ಅವಳ ಎಳೆಮಗುವನ್ನು ದೂರ ಇಡು ಎಂದಿದ್ದರು.

ಬೇರೆ ಎಂದರೆ ಎಲ್ಲಿ? ಹೊಳೆಯ ಕಡೆ ಒಂದು ಪಟ್ಟಿ ನೆಲ ಖಾಲಿ ಬಿದ್ದಿತ್ತು. ಮಗಳಿಗೊಂದು ಗುಡಿಸಲು ಅಲ್ಲಿ ಹಾಕಿಕೊಳ್ಳುತ್ತೇನೆ ಎಂದು ದುರುಗವ್ವ ಗೂಳಯ್ಯನನ್ನು ಕೇಳಿದಳು. ಸುಗ್ಗಿ ಮುಗಿಯಲಿ, ನೋಡೋಣ ಎಂದ. ಮರುವಾರವೇ ಆ ನೆಲಕ್ಕೆ ಕಲ್ಲುಕಂಬ ನೆಡಿಸಿ ಮುಳ್ಳುತಂತಿ ಬಿಗಿಸಿದ. ಅಲ್ಲೂ ಹೂಕೋಸು ಹಾಕುವ ಆಸೆ ಅವನಿಗೆ.

ಒಂದು ಬೆಳಿಗ್ಗೆ ಅಜ್ಜ ಅತಿಥಿಗಳ ಜೊತೆ ತೋಟಕ್ಕೆ ಬಂದರು. ದುರುಗವ್ವ ಮೊಮ್ಮಗಳನ್ನು ಬಗಲಲ್ಲಿ ಎತ್ತಿಕೊಂಡು ಅವರಿಗೆ ಅಡ್ಡ ನಿಂತಳು. ಮಗಳ ಕಾಯಿಲೆ, ನೆಲ, ಬೇಲಿ, ಎಲ್ಲವನ್ನೂ ಹೇಳಿದಳು.

ಗೂಳಯ್ಯ ನಡುವೆ ಬಾಯಿ ಹಾಕಿದ. ಇವರಿಗೆ ಇಷ್ಟರಲ್ಲೇ ಇದ್ದು ರೂಢಿ, ಹೆಚ್ಚು ಜಾಗ ಕೊಟ್ಟರೆ ಏನು ಮಾಡಬೇಕೆಂದೇ ತಿಳಿಯದು ಎಂದ. ಅತಿಥಿಯೊಬ್ಬ ನಕ್ಕ.

“ಖರೇ ಐತ್ರಿ ಅಜ್ಜಾರ,” ಎಂದಳು ದುರುಗವ್ವ. “ನಮ್ಮ ಗುಡಿಸಲದಾಗ ಕೆಮ್ಮಬೇಕಂದ್ರೂ ಪಾಳಿ ಹಚ್ಚಬೇಕ್ರಿ.”

ಈಗ ಯಾರೂ ನಗಲಿಲ್ಲ. ಅಜ್ಜ ಬಗ್ಗಿ ಒಂದು ಹೂಕೋಸು ಮುಟ್ಟಿದರು.

“ಗೂಳಯ್ಯ, ಇದು ಸಣ್ಣ ಜಾತಿಯೇನು?”

“ಅಲ್ಲ ಗುರುಗಳೇ. ಎಲ್ಲರೂ ಹಾಕುವ ಬೀಜವೇ. ಜಾಗ ಬಿಟ್ಟು ನೆಟ್ಟರೆ ಒಂದೊಂದೂ ಬುಟ್ಟಿ ತುಂಬುತ್ತದೆ.”

“ಮತ್ತೆ ಯಾಕೆ ಇಷ್ಟಕ್ಕೇ ನಿಂತಿತು?”

“ಒತ್ತಾಗಿ ನೆಟ್ಟೆನಲ್ಲ. ಬೇರಿಗೂ ಬೇರಿಗೂ ಕಿತ್ತಾಟ. ನೀರು, ಬೆಳಕು ಎಲ್ಲ ಅರೆಹೊಟ್ಟೆ. ಸಣ್ಣದಿರುವಾಗಲೇ ಹೂ ಕಟ್ಟಿಬಿಡುತ್ತದೆ.”

“ಇಷ್ಟು ಸಾಕು ಅಂತ ಗಿಡ ಹೇಳಿತೇ?”

ಗೂಳಯ್ಯ ನಕ್ಕ. “ಗಿಡ ಏನು ಹೇಳುತ್ತದೆ ಗುರುಗಳೇ? ಅದಕ್ಕೆ ರೂಢಿ…”



“ಇದನ್ನೀಗ ಕಿತ್ತು ಬಯಲಲ್ಲಿ ನೆಟ್ಟರೆ ದೊಡ್ಡದಾಗುತ್ತದೆಯೇ?”

“ಇಲ್ಲ. ಹೂ ಕಟ್ಟಿದ ಮೇಲೆ ಎಷ್ಟು ಜಾಗ ಕೊಟ್ಟರೂ ಅಷ್ಟೇ. ಎಲೆ ಬಿಡುವ ಕಾಲದಲ್ಲೇ ಕೊಡಬೇಕು.”

“ತಡವಾದರೆ?”

ಗೂಳಯ್ಯ ನೆಲ ನೋಡಿದ. “ತಡವಾದರೆ ಮುಗಿಯಿತು.”

ದುರುಗವ್ವನ ಬಗಲಲ್ಲಿದ್ದ ಮಗು ಕೆಮ್ಮಿತು. ಮೊದಲು ಸಣ್ಣಗೆ. ಆಮೇಲೆ ನಿಲ್ಲಲಿಲ್ಲ. ಯಾವಾಗಿನಿಂದ ಎಂದು ಅಜ್ಜ ಕೇಳಿದರು. ಬೇಲಿ ಹಾಕಿದ ವಾರದಿಂದ ಎಂದಳು.

ಗೂಳಯ್ಯನ ಮುಖ ಕಪ್ಪಿಟ್ಟಿತು. ಮಗುವನ್ನು ಆಸ್ಪತ್ರೆಗೆ ಕಳಿಸುವುದಾಗಿ ಹೇಳಿದ. ನೆಲದ ಮಾತನ್ನು ಆಶ್ರಮದ ಟ್ರಸ್ಟಿನ ಸಭೆಯಲ್ಲಿ ಇಡುತ್ತೇನೆ, ಅಲ್ಲಿಯ ತನಕ ಸ್ವಲ್ಪ ತಾಳಬೇಕು ಎಂದೂ ಹೇಳಿದ.

“ಬೇಲಿ ನೋಡಿ ಚೆನ್ನಾಗಿದೆ ಅಂದವನು ನಾನೇ,” ಎಂದರು ಅಜ್ಜ.

ಹೊಳೆಯ ಕಡೆ ನಡೆದರು. ಮೊದಲ ಕಲ್ಲುಕಂಬವನ್ನು ಎರಡೂ ಕೈಯಿಂದ ತಬ್ಬಿ ಅಲುಗಿಸಿದರು. ಕಂಬ ಕದಲಲಿಲ್ಲ. ತಂತಿ ಗೀರಿ ಮೊಣಕೈಯಿಂದ ರಕ್ತ ಇಳಿಯಿತು. ದುರುಗವ್ವ ಮಗುವನ್ನು ಬದುವಿನ ಮೇಲೆ ಕೂರಿಸಿ ಬಂದು ತಾನೂ ಹಿಡಿದಳು. ಇಬ್ಬರಿಗೂ ಅದು ಬಗ್ಗಲಿಲ್ಲ.

ಗೂಳಯ್ಯ ನಿಂತೇ ಇದ್ದ. ಅತಿಥಿಗಳೂ ನಿಂತಿದ್ದರು. ಇದೂ ಗುರುಗಳ ಒಂದು ಉಪದೇಶ ಎಂದುಕೊಂಡು ಕೆಲವರು ಕೈಮುಗಿದರು. ಮಗು ಕೆಮ್ಮುತ್ತಿತ್ತು.

ಅಜ್ಜ ಕಂಬ ಬಿಡದೆ ತಿರುಗಿ ನೋಡಿದರು.

“ಕೈಮುಗಿಯಬೇಡಿ. ಮುಗಿದ ಕೈಗೆ ಯಾವ ಕಂಬವೂ ಕಿತ್ತು ಬರುವುದಿಲ್ಲ. ನಿಮ್ಮ ನಿಮ್ಮ ಊರಲ್ಲೂ ಇಂಥದೊಂದು ಬೇಲಿ ಇದೆ, ಅದು ಎಲ್ಲಿದೆ ಅಂತ ನಿಮಗೆ ಗೊತ್ತಿದೆ. ಬನ್ನಿ, ಮೊದಲು ಇದನ್ನು ಕೀಳಿ. ಆಮೇಲೆ ಹೋಗಿ ಅದನ್ನು ಕೀಳಿ.”