ಹೊನ್ನಕ್ಕನ ಗೋಡೆ, ಕೊಂಬಯ್ಯನ ಬಸರಿಹಣ್ಣು

ಒಂದು ಹೊಳೆ. ಹೊಳೆಯ ಆಚೆ ದಡದಲ್ಲಿ ಹಣ್ಣಿನ ಮರಗಳು, ಈಚೆ ದಡದಲ್ಲಿ ದಟ್ಟ ಕಾಡು. ಆ ಕಾಡಿನ ಅತಿ ಎತ್ತರದ ತಾರೆ ಮರದಲ್ಲಿ ಕೊಂಬಯ್ಯ ಎಂಬ ಮಂಗಟ್ಟೆ ಹಕ್ಕಿ ಸಂಸಾರ ಹೂಡಿದ್ದ.

ಮಕ್ಕಳೇ, ಮಂಗಟ್ಟೆಯನ್ನು ನೀವು ನೋಡಿರಲಿಕ್ಕಿಲ್ಲ. ಬಾಳೆಹಣ್ಣಿನಂಥ ಹಳದಿ ಕೊಕ್ಕು. ಅದೊಂದು ಸಾಲದು ಎಂಬಂತೆ, ಅದರ ಮೇಲೆ ಇನ್ನೊಂದು ಕೊಕ್ಕನ್ನು ಮಗುಚಿ ಇಟ್ಟ ಹಾಗೆ ಒಂದು ಕೊಂಬು. ಈ ಕೊಂಬಿನಿಂದ ಏನು ಪ್ರಯೋಜನವೋ ಕಾಡಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಕೊಂಬಯ್ಯನಿಗೆ ಮಾತ್ರ ಗೊತ್ತಿತ್ತು. ಅದು ಇರುವುದು ಗೌರವಕ್ಕೆ.

ಗೌರವವೇ ಕೊಂಬಯ್ಯನ ಕಾಯಿಲೆ. ಎಲ್ಲಿ ಯಾರು ನಕ್ಕರೂ ತನ್ನನ್ನು ನೋಡಿಯೇ ನಕ್ಕರು ಎಂದುಕೊಳ್ಳುತ್ತಿದ್ದ. ಬಹಳ ಸಲ ಅದು ನಿಜವೂ ಆಗಿರುತ್ತಿತ್ತು.

ಅವನ ಹೆಂಡತಿ ಹೊನ್ನಕ್ಕನಿಗೆ ನಗುವುದೇ ಕಾಯಿಲೆ. ಇಂಥ ಎರಡು ಕಾಯಿಲೆಗಳು ಒಂದೇ ಮನೆಯಲ್ಲಿದ್ದರೆ ಏನಾಗುತ್ತದೆ ಎಂಬುದೇ ಈ ಕತೆ.

ಚಳಿಗಾಲ ಮುಗಿಯುವ ಹೊತ್ತಿಗೆ ಮಂಗಟ್ಟೆಗಳು ಮನೆ ಹುಡುಕುತ್ತವೆ. ಹೊನ್ನಕ್ಕ ಕಾಡಿನ ಪೊಟರೆಗಳನ್ನೆಲ್ಲ ನೋಡಿದಳು. ಒಂದರಲ್ಲಿ ಗಾಳಿ ಇರಲಿಲ್ಲ. ಒಂದರಲ್ಲಿ ಗೂಬೆಯ ವಾಸನೆ. ಇನ್ನೊಂದರಲ್ಲಿ ಜೇನುನೊಣ. ಕೊಂಬಯ್ಯ ಹೊರಗೆ ಕೂತು ಪ್ರತಿಯೊಂದಕ್ಕೂ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಿದ್ದ. ಕೊನೆಗೆ ಹೊನ್ನಕ್ಕ ಒಪ್ಪಿದ್ದು ಹೋದ ವರ್ಷ ಇದ್ದ ಪೊಟರೆಯನ್ನೇ.

"ಹಾಗಾದರೆ ಉಳಿದದ್ದೆಲ್ಲ ನೋಡಿದ್ದು ಯಾಕೆ?" ಎಂದ ಕೊಂಬಯ್ಯ.

"ನೋಡದಿದ್ದರೆ ಇದೇ ಒಳ್ಳೆಯದು ಅಂತ ಹೇಗ್ರೀ ಗೊತ್ತಾಗುತ್ತೆ?" ಎಂದು ಹೊನ್ನಕ್ಕ ನಕ್ಕಳು.

ಆಮೇಲೆ ಅವಳು ಒಳಗೆ ಹೋದಳು. ಕೊಂಬಯ್ಯ ಮಣ್ಣು ತಂದುಕೊಟ್ಟ. ಆ ಮಣ್ಣಿಗೆ ಜಗಿದ ಹಣ್ಣನ್ನೂ, ಹೆಸರು ಹೇಳಿದರೆ ಊಟದ ಹೊತ್ತಿಗೆ ನೀವು ಈ ಕತೆ ಓದಲಾರದಂಥ ಇನ್ನೊಂದು ವಸ್ತುವನ್ನೂ ಕಲಸಿ, ಅವಳು ಒಳಗಿನಿಂದಲೇ ಬಾಗಿಲಿಗೆ ಗೋಡೆ ಕಟ್ಟಿದಳು. ಉಳಿದದ್ದು ಒಂದು ಸೀಳು. ಕೊಕ್ಕಿನ ತುದಿ ತೂರುವಷ್ಟು.

ಗೋಡೆ ಒಣಗಿತು. ಒಳಗೆ ಹೊನ್ನಕ್ಕನ ರೆಕ್ಕೆಯ ಗರಿ, ಬಾಲದ ಗರಿ ಒಂದೊಂದಾಗಿ ಉದುರಿದವು. ಹಾವು ಬಂದರೂ ಒಳಗೆ ನುಗ್ಗಲಾರದು. ಅವಳೂ ಹೊರಗೆ ಬರಲಾರಳು, ಬಂದರೂ ಹಾರಲಾರಳು. ಗಂಡ ತಂದರೆ ಊಟ, ತರದಿದ್ದರೆ ಇಲ್ಲ. ಒಂದು ಸೀಳನ್ನೂ ಒಬ್ಬ ಗಂಡನನ್ನೂ ನಂಬಿಕೊಂಡು ಇಡೀ ಬೇಸಿಗೆ ಕತ್ತಲಲ್ಲಿ ಕೂರುವುದೆಂದರೆ, ಯಾವುದಕ್ಕೂ ಬೆರಗಾಗದವರೂ ಬೆರಗಾಗಬೇಕು.

ಕೊಂಬಯ್ಯ ಬೆರಗಾಗಲಿಲ್ಲ. ಅವನ ಅಮ್ಮ ಹೀಗೆ ಕೂತಿದ್ದಳು, ಅಜ್ಜಿಯೂ ಕೂತಿದ್ದಳು. ಮಂಗಟ್ಟೆ ಹೆಂಗಸರು ಕೂರುವುದೇ ಹಾಗೆ. ಅದರಲ್ಲೇನು?

ಬೇಸಿಗೆ ಬಂತು. ಹೊಳೆಯಾಚೆಯ ಬಸರಿ ಮರ ಹಣ್ಣು ಬಿಟ್ಟಿತು. ಕೊಂಬಯ್ಯ ಗಂಟಲು ತುಂಬ ಹಣ್ಣು ಹೊತ್ತು, ಹೊಳೆ ದಾಟಿ ಬಂದು, ಸೀಳಿನ ಮುಂದೆ ಕೂತು ಒಂದೊಂದನ್ನೇ ಹೊರಗೆ ತೆಗೆದು ಕೊಡುತ್ತಿದ್ದ. "ಬಂದೆ, ಬಂದೆ" ಎಂದು ಕೂಗುತ್ತ ಅವನು ಇನ್ನೂ ಹೊಳೆಯ ಮೇಲಿರುವಾಗಲೇ ಮರದೊಳಗಿನಿಂದ ಹೊನ್ನಕ್ಕನ ಸ್ವರ ಏಳುತ್ತಿತ್ತು.

"ರೀ, ಇವತ್ತೂ ಬಸರಿಹಣ್ಣೇನಾ?"

"ಬಸರಿಹಣ್ಣಿಗೆ ಏನಾಗಿದೆ?"

"ಏನೂ ಆಗಿಲ್ಲ. ನಿನ್ನೆ ಹೇಗಿತ್ತೋ ಹಾಗೇ ಇದೆ. ಮೊನ್ನೆ ಹೇಗಿತ್ತೋ ಹಾಗೇ ಇದೆ. ಆರೋಗ್ಯವಾಗಿದೆ, ಪಾಪ."

ಇಷ್ಟು ಹೇಳಿ ಅವಳು ನಗುತ್ತಿದ್ದಳು. ಟೊಳ್ಳು ಮರ; ನಗು ಒಳಗೇ ಸುತ್ತಿ ಸುತ್ತಿ ನಗಾರಿ ಬಾರಿಸಿದ ಹಾಗೆ ಹೊರಗೆ ಬರುತ್ತಿತ್ತು.

ಒಂದು ದಿನ ಕೊಂಬಯ್ಯ ಮುನಿಸಿಕೊಂಡು, ಬದಲಾವಣೆ ಇರಲಿ ಎಂದು ಒಂದು ಓತಿಕ್ಯಾತವನ್ನು ತಂದ. ಓತಿಕ್ಯಾತ ಸತ್ತಿದೆ ಎಂದು ಅವನು ತಿಳಿದಿದ್ದ. ಓತಿಕ್ಯಾತ ಹಾಗೆ ತಿಳಿದಿರಲಿಲ್ಲ. ಸೀಳಿನ ಮುಂದೆ ಬಾಯಿ ತೆರೆದದ್ದೇ ತಡ, ಅದು ಕೊಕ್ಕಿನ ಮೇಲೆ ಓಡಿ ಕೊಂಬಿನ ತುದಿಯಲ್ಲಿ ಕೂತು ತಲೆ ಕುಣಿಸತೊಡಗಿತು. ಕೊಂಬಯ್ಯ ಏನೂ ಆಗಿಲ್ಲವೆಂಬಂತೆ ನೆಟ್ಟಗೆ ಕೂತಿದ್ದ. ಆ ದಿನದ ನಗುವಿಗೆ, ಅದೇ ಮರ ಕುಟ್ಟುತ್ತಿದ್ದ ಮರಕುಟಿಗ ಹಿಡಿತ ತಪ್ಪಿ ಕೆಳಗೆ ಬಿತ್ತು.

ಮೊಟ್ಟೆ ಒಡೆದು ಮರಿ ಬಂತು. ನಗು ಇನ್ನೂ ಜಾಸ್ತಿಯಾಯಿತು.

ಪಕ್ಕದ ಮರದಲ್ಲಿ ಭೀಮರಾಜ ಎಂಬ ಅಣಕು ಹಕ್ಕಿ ಇದ್ದ. ಮೈಯೆಲ್ಲ ಕಪ್ಪು, ಬಾಲದಲ್ಲಿ ಎರಡು ಉದ್ದನೆಯ ಎಳೆ, ಗಂಟಲಲ್ಲಿ ಕಾಡಿನ ಎಲ್ಲರ ದನಿ. ಕೇಳಿದ್ದನ್ನು ಕೇಳಿದ ಹಾಗೆಯೇ ಅಣಕಿಸುವುದು ಅವನ ಹುಟ್ಟುಗುಣ. ಕೊಂಬಯ್ಯನ ಸ್ವರದಲ್ಲಿ "ಬಂದೆ, ಬಂದೆ" ಎಂದು ಕೂಗಿ, ಹೊನ್ನಕ್ಕ ಸೀಳಿನಿಂದ ಕೊಕ್ಕು ಚಾಚಿ ಬರಿ ಗಾಳಿ ತಿನ್ನುವಂತೆ ಮಾಡಿದ್ದ. ಅದಕ್ಕೂ ಅವಳು ನಕ್ಕಿದ್ದಳು. ಸಂಜೆಯಾದರೆ ಮಂಗಗಳನ್ನು ಸುತ್ತ ಕೂರಿಸಿಕೊಂಡು ಹೊನ್ನಕ್ಕನ ದನಿಯಲ್ಲಿ "ರೀ, ಇವತ್ತೂ ಬಸರಿಹಣ್ಣೇನಾ?" ಎನ್ನುವನು. ಮಂಗಗಳು ಹೊಟ್ಟೆ ಹಿಡಿದುಕೊಳ್ಳುವವು.

ಕೊನೆಗೊಂದು ದಿನ ಹೊಳೆಯ ದಡದಲ್ಲಿ ಮೈನಾ ಹಕ್ಕಿಯೊಂದು ತನ್ನ ಮರಿಗೆ "ಅಲ್ನೋಡು, ಬಸರಿಹಣ್ಣು ಹೋಗ್ತಾ ಇದೆ" ಎಂದು ಕೊಂಬಯ್ಯನನ್ನು ತೋರಿಸಿತು.

ಕೊಂಬಯ್ಯ ನೆಟ್ಟಗೆ ಮನೆಗೆ ಬಂದ. ಹಣ್ಣು ಕೊಡಲಿಲ್ಲ. ಮೊದಲು ಭಾಷಣ ಕೊಟ್ಟ. ಇದು ಸಂಸಾರಸ್ಥರ ಮನೆ, ಬಯಲಾಟದ ಅಟ್ಟವಲ್ಲ ಎಂದ. ತನ್ನ ಅಪ್ಪ ಬಂದರೆ ಇಡೀ ಮರ ಸುಮ್ಮನಾಗುತ್ತಿತ್ತು ಎಂದ. ಕೊನೆಗೆ ಹೇಳಿದ:

"ಇನ್ನು ಮೇಲೆ ಈ ಮನೆಯಿಂದ ನಗು ಕೇಳಿಸಕೂಡದು. ಮಾತೂ ಬೇಡ. ನಾನು ಹಣ್ಣು ಕೊಡುತ್ತೇನೆ, ನೀನು ತಿನ್ನು. ಅಷ್ಟೇ."

ಸೀಳಿನಿಂದ ಹೊರಗೆ ಚಾಚಿದ್ದ ಕೊಕ್ಕು ಒಳಗೆ ಹೋಯಿತು.

"ಆಗಲಿ," ಎಂದಳು ಹೊನ್ನಕ್ಕ. "ನೀವಾಗಿ ನನ್ನನ್ನು ನಗಿಸುವ ತನಕ ನನ್ನ ಬಾಯಿಂದ ಒಂದು ಸೊಲ್ಲೂ ಬರುವುದಿಲ್ಲ."

"ಹಾಗಾದರೆ ಇನ್ನು ಬರುವುದೇ ಇಲ್ಲ ಬಿಡು," ಎಂದ ಕೊಂಬಯ್ಯ. ಗೆದ್ದೆ ಎಂದುಕೊಂಡ.

ಮನೆ ಬಹಳ ಮರ್ಯಾದಸ್ಥ ಮನೆಯಾಯಿತು. ಅವನು ಬರುವನು. ಸೀಳಿನಿಂದ ಕೊಕ್ಕು ಬರುವುದು. ಹಣ್ಣು ಹೋಗುವುದು. ಕೊಕ್ಕು ಹೋಗುವುದು. ಒಂದು ದಿನ ಯಾರೂ ಕೇಳದಿದ್ದರೂ ಕೊಂಬಯ್ಯ ಬಸರಿಯ ಬದಲು ಗೋಣಿ ಮರದ ಹಣ್ಣು ತಂದ. ಕೊಟ್ಟ ಮೇಲೆ ಕಾರಣವಿಲ್ಲದೆ ಸ್ವಲ್ಪ ಹೊತ್ತು ಅಲ್ಲೇ ಕೂತ. ಏನೂ ಕೇಳಿಸಲಿಲ್ಲ. ಕೆಮ್ಮಿ ನೋಡಿದ. ಆಗಲೂ ಇಲ್ಲ. ಮಾರನೆಯ ದಿನ ಮತ್ತೆ ಬಸರಿಹಣ್ಣು ತಂದ.

ಹೀಗಿರುವಾಗ ಗುಡ್ಡದಾಚೆಯ ಒಣಹುಲ್ಲಿಗೆ ಬೆಂಕಿ ಬಿತ್ತು. ಬೆಂಕಿ ಗುಡ್ಡದ ನೆತ್ತಿಯ ಬಂಡೆಗಳನ್ನು ದಾಟಲಿಲ್ಲ. ಹೊಗೆ ದಾಟಿತು. ದಾಟಿ, ಕಣಿವೆಗೆ ಇಳಿದು, ಮರಗಳ ನಡುವೆ ಕಾಲು ಚಾಚಿ ಕೂತುಬಿಟ್ಟಿತು.

ಕೊಂಬಯ್ಯ ಆಗ ಹೊಳೆಯಾಚೆ ಇದ್ದ. ಗಂಟಲು ತುಂಬಿಸಿಕೊಂಡು ಹಾರಿದ. ಹೊಳೆ ದಾಟಿದ. ಮುಂದೆ ಕಾಡೇ ಇರಲಿಲ್ಲ, ಬರಿ ಬೆಳ್ಳಗಿತ್ತು. ಒಂದು ಮರ ಸಿಕ್ಕಿತು, ಕೂತ. ತನ್ನದಲ್ಲ. ಇನ್ನೊಂದು. ಅದೂ ಅಲ್ಲ. ತಲೆಯ ಮೇಲೆ ಹೆದರಿದ ಹಕ್ಕಿಗಳ ರೆಕ್ಕೆಬಡಿತ, ಕೆಳಗೆ ಏನೂ ಕಾಣದ ಬಿಳಿ. ತಿರುಗಿದ, ಸುತ್ತಿದ, ಬಂದ ಮರಕ್ಕೇ ಮತ್ತೆ ಬಂದ.

ಆಗ ಅವನಿಗೆ ಒಂದು ಸಂಗತಿ ಹೊಳೆಯಿತು. ನಗು ನಿಂತ ಈ ಕೆಲವು ದಿನ ಬಿಟ್ಟರೆ, ಬೇಸಿಗೆಯಿಡೀ ಅವನು ಕಣ್ಣನ್ನು ನಂಬಿ ಮನೆಗೆ ಬಂದಿರಲಿಲ್ಲ. ಹೊಳೆಯ ನಡುವೆ ಇರುವಾಗಲೇ ಆ ನಗು ಬಂದು ಅವನನ್ನು ಕರೆದುಕೊಂಡು ಹೋಗುತ್ತಿತ್ತು. ಮಂಜಿನ ಬೆಳಗಿನಲ್ಲೂ ದಾರಿ ತಪ್ಪದಿದ್ದುದಕ್ಕೆ ತನ್ನ ಕಣ್ಣು ಬಹಳ ಚುರುಕು ಎಂದು ಅವನು ಹೆಮ್ಮೆಪಟ್ಟುಕೊಂಡಿದ್ದ.

ಒಳಗಿದ್ದವಳಿಗೆ ರೆಕ್ಕೆಯಲ್ಲಿ ಗರಿಯಿಲ್ಲ. ಮರಿಗೆ ಇನ್ನೂ ಮೈಮೇಲೇ ಗರಿಯಿಲ್ಲ. ಅದು ಗಳಿಗೆಗೊಮ್ಮೆ ತಿನ್ನಬೇಕು. ಅವರ ಊಟ ಕೊಂಬಯ್ಯನ ಗಂಟಲಲ್ಲಿತ್ತು.

"ಬಂದೆ, ಬಂದೆ," ಎಂದು ಅವನು ಕೂಗಿದ.

"ಬಂದೆ, ಬಂದೆ," ಎಂದು ಹೊಗೆಯೊಳಗಿನಿಂದ ಇನ್ನೊಬ್ಬ ಕೊಂಬಯ್ಯ ಕೂಗಿದ.

ಅದು ಭೀಮರಾಜ. ಬೆಂಕಿಗೆ ಹೆದರಿ ಹುಳಗಳು ಹಿಂಡು ಹಿಂಡಾಗಿ ಓಡಿಬರುತ್ತಿದ್ದವು. ಅವನಿಗೆ ಅಂದು ಹಬ್ಬದೂಟ. ಕೊಂಬಯ್ಯ ಗೌರವವನ್ನು ಅರ್ಧ ನುಂಗಿಕೊಂಡು, ತನ್ನ ಮನೆ ಎಲ್ಲಿದೆ, ಕಾಣಿಸುತ್ತದೆಯೇ ಎಂದು ಕೇಳಿದ.

"ನನ್ನ ಮನೇನೇ ನನಗೆ ಕಾಣ್ತಿಲ್ಲ, ಕೊಂಬಣ್ಣ. ಕೊಕ್ಕಿನ ಹತ್ತಿರ ಬಂದ ಹುಳ ಮಾತ್ರ ಕಾಣ್ತಿದೆ," ಎಂದ ಭೀಮರಾಜ.

"ಹೊನ್ನೀ, ನಾನು ನಿಜವಾದ ಕೊಂಬಯ್ಯ," ಎಂದು ಕೊಂಬಯ್ಯ ಕೂಗಿದ.

"ಹೊನ್ನೀ, ನಾನು ನಿಜವಾದ ಕೊಂಬಯ್ಯ," ಎಂದ ಭೀಮರಾಜ. ಕೆಟ್ಟದ್ದು ಮಾಡಬೇಕೆಂದಲ್ಲ, ಅಭ್ಯಾಸ. ಕೇಳಲು ಅವನದೇ ಹೆಚ್ಚು ನಿಜ ಅನ್ನಿಸುತ್ತಿತ್ತು.

ಇಬ್ಬರು ಕೊಂಬಯ್ಯರಲ್ಲಿ ಹೊನ್ನಕ್ಕ ಯಾರನ್ನು ನಂಬಿಯಾಳು? ಗಾಳಿ ತಿಂದು ತಿಂದು ಬುದ್ಧಿ ಕಲಿತವಳು. ಸಾಲದ್ದಕ್ಕೆ, ಕೊಂಬಯ್ಯ ನಗಿಸುವ ತನಕ ಸೊಲ್ಲೆತ್ತುವುದಿಲ್ಲ ಎಂದು ಮಾತು ಬೇರೆ ಕೊಟ್ಟಿದ್ದಾಳೆ. ಆ ಮಾತು ಪಡೆದವನೂ ಅವನೇ.

ಕೊಂಬಯ್ಯ ಯೋಚಿಸಿದ. ಭೀಮರಾಜ ಮಾಡಲಾರದ್ದು ಯಾವುದು? ಅವನು ಎಲ್ಲವನ್ನೂ ಚೆನ್ನಾಗಿ ಮಾಡುತ್ತಾನೆ. ಹಾಗಾದರೆ ಉಳಿದ ದಾರಿ ಒಂದೇ. ಕೆಟ್ಟದಾಗಿ ಮಾಡುವುದು.

ಅವನು ಕೊಂಬೆಯ ಮೇಲೆ ಸರಿಯಾಗಿ ಕೂತ. ಹಳೆಯ ಅಭ್ಯಾಸದಿಂದ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಸುತ್ತ ನೋಡಿದ. ದನಿಯನ್ನು ಆದಷ್ಟು ಸಣ್ಣ ಮಾಡಿಕೊಂಡ. ಹೆಂಡತಿಯ ಹಾಗೆ ಕತ್ತು ಓರೆ ಮಾಡಿದ.

"ರೀ, ಇವತ್ತೂ ಬ..."

ಗಂಟಲಲ್ಲಿದ್ದ ಹಣ್ಣೊಂದು ಅಡ್ಡ ಬಂತು. ದನಿ ಬಿದಿರು ಸೀಳಿದ ಹಾಗೆ ಕಿರುಗುಟ್ಟಿ, ಕೆಮ್ಮಾಗಿ, ಬಿಕ್ಕಳಿಕೆಯಾಯಿತು. ಹಣ್ಣು ಹಾರಿ ಹೊಗೆಯಲ್ಲಿ ಎಲ್ಲೋ ಬಿತ್ತು. "...ಸರಿಹಣ್ಣೇನಾ?" ಎಂದು ಕೊಂಬಯ್ಯ ಮುಗಿಸಿದ.

ಆ ಕಾಡಿನಲ್ಲಿ ಅಷ್ಟು ಕೆಟ್ಟ ಅಣಕನ್ನು ಯಾರೂ ಕೇಳಿರಲಿಲ್ಲ. ಭೀಮರಾಜ ಕೂಡ ಬಾಯಿ ಮುಚ್ಚಿದ. ಕಲಾವಿದರಿಗೆ ಕೆಲವು ಸಂಗತಿಗಳನ್ನು ಸಹಿಸುವುದು ಕಷ್ಟ.

ಕಾಡು ಸುಮ್ಮನಿತ್ತು. ಆಮೇಲೆ ಎಲ್ಲಿಂದಲೋ, ಮುಚ್ಚಿಟ್ಟ ಪಾತ್ರೆಯಲ್ಲಿ ನೀರು ಕುದಿಯುವಂಥ ಸಣ್ಣ ಸದ್ದು. ಯಾರೋ ಏನನ್ನೋ ತಡೆದುಕೊಳ್ಳುತ್ತಿದ್ದರು. ತಡೆಯಲಾಗಲಿಲ್ಲ. ನಗಾರಿ ಮೊಳಗಿತು.

ಪಕ್ಕದ ಮರದಲ್ಲಿ. ಅವನು ಇಷ್ಟು ಹೊತ್ತೂ ತನ್ನ ಮನೆಯನ್ನೇ ಸುತ್ತುತ್ತಿದ್ದ.

ಕೊಂಬಯ್ಯ ನಗುವಿನ ಕಡೆಗೆ ಹಾರಿದ. ಹೊಗೆಯೊಳಗಿನಿಂದ ಕಪ್ಪು ಪಟ್ಟೆಯ ಒಂದು ಬಿಳಿ ಗರಿ ಗಾಳಿಗೆ ಹಾರಿಬಂತು. ಹಿಂದೆಯೇ ಇನ್ನೊಂದು. ಹೊನ್ನಕ್ಕನ ಬಾಲದ ಗರಿಗಳು. ಹೊಗೆ ಒಳಗೆ ಬರದಿರಲೆಂದು ಅವಳು ತನ್ನ ಉದುರಿದ ಗರಿಗಳನ್ನೇ ಸೀಳಿಗೆ ತುರುಕಿ ಕೂತಿದ್ದಳು. ನಗುವಿನ ರಭಸಕ್ಕೆ ಅವು ಹೊರಗೆ ಚಿಮ್ಮುತ್ತಿದ್ದವು.

"ಅಷ್ಟು ಕೆಟ್ಟದಾಗಿ ಅಣಕಿಸೋದು ಭೀಮರಾಜನ ಕೈಲಾಗೋ ಕೆಲಸವಲ್ಲ," ಎಂದಳು ಹೊನ್ನಕ್ಕ, ಉಸಿರು ಸಿಕ್ಕ ಮೇಲೆ. "ನೀವೇ ಅಂತ ಗೊತ್ತಾಯಿತು."

"ಇವತ್ತೂ ಬಸರಿಹಣ್ಣೇ," ಎಂದ ಕೊಂಬಯ್ಯ.

"ತನ್ನಿ, ತನ್ನಿ. ಮರಿಗೆ ಬೇರೆ ಯಾವುದೂ ಸೇರುವುದಿಲ್ಲ."

ಗಂಟಲು ಬರಿದಾಗುವ ತನಕ ಕೊಟ್ಟ. ಆಮೇಲೆ, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಸೀಳಿಗೆ ಒಂದು ಕಣ್ಣಿಟ್ಟು ಒಳಗೆ ನೋಡಿದ.

ಇಕ್ಕಟ್ಟಾದ ಕತ್ತಲು. ಅದರಲ್ಲಿ ಗರಿಯಿಲ್ಲದ ಎರಡು ಮೋಟು ರೆಕ್ಕೆ. ಆ ರೆಕ್ಕೆಗಳ ಕೆಳಗೆ ಬೆತ್ತಲೆ ಮರಿ. ಹೊಗೆಗೆ ಕಣ್ಣು ಕೆಂಪಾಗಿ, ಹಸಿದು, ಮೈ ಬೋಳಾಗಿ ಕೂತವಳು ಇನ್ನೂ ನಗುವಿಗೆ ಕುಲುಕುತ್ತಲೇ ಇದ್ದಳು. ಅವಳ ಹೊಟ್ಟೆಗೆ ಒತ್ತಿಕೊಂಡ ಮರಿಯೂ ಕುಲುಕುತ್ತಿತ್ತು. ಲೋಕ ಇರುವುದೇ ಹೀಗೆ, ಕುಲುಕುತ್ತಾ, ಎಂದು ಅದು ತಿಳಿದಿರಬೇಕು.

ಕೊಂಬಯ್ಯ ಸೀಳಿನಿಂದ ಕಣ್ಣು ತೆಗೆಯಲಿಲ್ಲ. ಅಮ್ಮ ಕೂತಿದ್ದಳು. ಅಜ್ಜಿ ಕೂತಿದ್ದಳು. ಅವರೂ ಕತ್ತಲಲ್ಲಿ ಹೀಗೆ ನಗುತ್ತಿದ್ದರೇ? ಗೊತ್ತಿಲ್ಲ. ಇಣುಕಿ ನೋಡಿದವರು ಯಾರು?

ಬೇಸಿಗೆಯ ಮೊದಲ ಮಳೆ ಹೊಗೆಯನ್ನು ತೊಳೆಯಿತು. ಹೊನ್ನಕ್ಕನಿಗೆ ಹೊಸ ಗರಿ ಬಂದವು. ಒಂದು ಬೆಳಗ್ಗೆ ಅವಳು ಗೋಡೆ ಒಡೆದು ಹೊರಗೆ ಬಂದು, ಕೊಂಬೆಯ ಮೇಲೆ ಕೂತು ರೆಕ್ಕೆ ಬಿಚ್ಚಿದಳು. ಕೊಂಬಯ್ಯ ಏನೋ ಒಳ್ಳೆಯ ಮಾತು ಹೇಳಬೇಕೆಂದುಕೊಂಡ. ಅಷ್ಟರಲ್ಲಿ ಪೊಟರೆಯಲ್ಲಿ ಪರಪರ ಸದ್ದಾಯಿತು.

ಮರಿ ಗೋಡೆ ಕಟ್ಟುತ್ತಿತ್ತು. ಒಡೆದ ಚೂರುಗಳನ್ನು ಎತ್ತಿ, ಕಲಸಿ, ಪುಟ್ಟ ಕೊಕ್ಕಿನಿಂದ ತಟ್ಟಿ ತಟ್ಟಿ ಒಳಗಿನಿಂದ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಹಾರಲು ಬರುವ ತನಕ, ಹಾವು ನುಗ್ಗದಂತೆ, ಅದಕ್ಕೂ ಗೋಡೆ ಬೇಕು; ಆದರೆ ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಕೊನೆಗೆ ಉಳಿದದ್ದು ಒಂದು ಸೀಳು. ಕೊಕ್ಕಿನ ತುದಿ ತೂರುವಷ್ಟು. ಗಂಡ ಹೆಂಡತಿ ಇಬ್ಬರೂ ನೋಡುತ್ತ ಕೂತರು.

ಆಮೇಲೆ ಕೊಂಬಯ್ಯ ಹೊಳೆಯಾಚೆ ಹೋದ. ಗಂಟಲು ತುಂಬಿಸಿಕೊಂಡು ತಿರುಗಿದ. ಅವನು ಇನ್ನೂ ಹೊಳೆಯ ಮೇಲಿರುವಾಗಲೇ ಮರದೊಳಗಿನಿಂದ ಒಂದು ಎಳೆಯ ಸ್ವರ ಎದ್ದಿತು.

"ಅಪ್ಪಾ, ಇವತ್ತೂ ಬಸರಿಹಣ್ಣೇನಾ?"

ಭೀಮರಾಜನೇ ಇರಬೇಕೆಂದು ಕೊಂಬಯ್ಯ ಪಕ್ಕದ ಮರ ನೋಡಿದ. ಭೀಮರಾಜ ಬಾಯಿ ಮುಚ್ಚಿಕೊಂಡು, ಕತ್ತು ಓರೆ ಮಾಡಿ, ಪಾಠ ಕೇಳುವವನಂತೆ ಕೂತಿದ್ದ.

ಕೊಂಬಯ್ಯ ನಕ್ಕ. ರೂಢಿಯಿಲ್ಲದ ನಗು, ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯಲಿಲ್ಲ. ಹೊಸ ಗೋಡೆಯ ಹಸಿ ಮಣ್ಣು ಒಂದಿಷ್ಟು ಉದುರಿತು. ಒಳಗಿನಿಂದ ಮರಿ ಗೊಣಗುತ್ತ ಅದನ್ನು ಮತ್ತೆ ಮೆತ್ತಿಕೊಂಡಿತು.

ನೀತಿ: ಮನೆಯವರ ನಗುವನ್ನು ಅವಮಾನವೆಂದು ತಿಳಿದು ಬಾಯಿ ಮುಚ್ಚಿಸಬೇಡಿ, ಕಣ್ಣಿಗೆ ಏನೂ ಕಾಣದ ದಿನ ಮನೆಯ ದಾರಿ ತೋರುವುದು ಆ ನಗುವೇ.