ತೆನೆ ಮಸೂತಿ

ಡೋಣಿ ನದಿಯ ದಂಡೆಯಲ್ಲಿರುವ ಎರೆಹಾಳದ ಮಸೂತಿ ದೊಡ್ಡದಲ್ಲ. ಮೂರು ಕಮಾನು, ಒಂದು ಗುಮ್ಮಟ, ಕಪ್ಪು ಕಲ್ಲಿನ ಗೋಡೆ. ವಿಜಯಪುರದ ಇಮಾರತುಗಳನ್ನು ನೋಡಿ ಬಂದವರು ಇದನ್ನು ದಾಟಿ ಹೋಗಿಬಿಡಬಹುದು. ಆದರೆ ಒಳಗೆ, ನಮಾಜಿನ ದಿಕ್ಕು ತೋರುವ ಮೆಹರಾಬಿನ ಸುತ್ತ, ಹದಿನಾರು ಜೋಳದ ತೆನೆಗಳಿವೆ. ಬಳ್ಳಿ, ಹೂವು, ನಕ್ಷತ್ರಗಳ ಕೆತ್ತನೆ ಎಷ್ಟೋ ಮಸೂತಿಗಳಲ್ಲಿದೆ, ತೆನೆ ಮಾತ್ರ ನಮ್ಮಲ್ಲೇ ಎಂದು ಹೇಳುವಾಗ ಊರಿನವರ ದನಿ ತುಸು ಏರುತ್ತದೆ. ಊರಿನವರಿಗೆ ಇದು ತೆನೆ ಮಸೂತಿ, ದಾಖಲೆಯಲ್ಲಿ ಬೇರೆ ಹೆಸರಿದೆ. ಆ ಹೆಸರು ಹೇಳಿ ಕೇಳಿದರೆ ದಾರಿ ತೋರಿಸುವವರು ಸಿಗುವುದಿಲ್ಲ.

ಹಿಂದೆ ಒಮ್ಮೆ, ಸುಲ್ತಾನರ ಕಾಲದಲ್ಲಿ, ಈ ಮಸೂತಿಯ ಕೆತ್ತನೆ ಊರಿನ ರಾಜೇಸಾಬನ ಪಾಲಿಗೆ ಬಂತು ಎನ್ನುತ್ತಾರೆ. ಬಿತ್ತನೆಯಿಂದ ರಾಶಿಯವರೆಗೆ ಹೊಲ, ಉಳಿದ ದಿನ ಕಲ್ಲು. ಅವನ ಬದುಕು ಅಷ್ಟೇ. ರಾಜಧಾನಿಯಿಂದ ಚಿತ್ರದ ಕಾಗದ ಬಂತು. ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಕಲ್ಲಿನ ಮೇಲಿಟ್ಟು ಸುಣ್ಣದ ಪುಡಿ ಉಜ್ಜಿದರೆ ಚಿತ್ರ ಕಲ್ಲಿಗೆ ಇಳಿಯುತ್ತಿತ್ತು. ಇಳಿದದ್ದು ಸರು ಎಂಬ ಮರ: ಬುಡ ದುಂಡಗೆ, ತುದಿ ಚೂಪು, ಕೆಳಗೆ ಗಿಡ್ಡ ಕಾಂಡ. ಪರ್ಶಿಯಾದ ತೋಟಗಳ ಆ ಮರವನ್ನು ರಾಜೇಸಾಬ ಕಂಡವನಲ್ಲ. ಅವನು ಕಂಡದ್ದು ಜೋಳ. ಹೊಲದ ಮುಖ ನೋಡದ ಯಾವನೋ ತೆನೆ ಬರೆದು ಕಾಳು ಹಾಕಲು ಮರೆತಿದ್ದಾನೆ ಎಂದುಕೊಂಡು, ಒಂದೊಂದೇ ಕಾಳನ್ನು ತಾನೇ ಕೆತ್ತಿ ತುಂಬಿದ. ಎರಡು ವರ್ಷ ಹಿಡಿಯಿತು.

ಕೆಲಸ ನೋಡಲು ರಾಜಧಾನಿಯಿಂದ ಬಂದ ಮೇಲ್ವಿಚಾರಕ, ದಾರೋಗ ಮುನವ್ವರ ಬೇಗ, ಮೆಹರಾಬಿನ ಮುಂದೆ ನಿಂತು ಹದಿನಾರನ್ನೂ ಒಂದೊಂದಾಗಿ ನೋಡಿದನಂತೆ. "ಇವು ಸ್ವರ್ಗದ ತೋಟದ ಮರಗಳಾಗಬೇಕಿತ್ತು," ಎಂದ ಕೊನೆಗೆ. "ನೀನು ಜೋಳ ಬಿತ್ತಿಬಿಟ್ಟಿದ್ದೀಯಲ್ಲ."

"ರೊಟ್ಟಿ ಇಲ್ಲದ್ದು ಎಂಥಾ ಸ್ವರ್ಗ ಬಿಡ್ರಿ ಸಾಹೇಬ್ರ," ಎಂದ ರಾಜೇಸಾಬ.

ಹಿಂದೆ ನಿಂತಿದ್ದ ಕಲ್ಲುಕುಟಿಗರು ನಕ್ಕರು. ಬೇಗನಿಗೆ ನಗು ಬರಲಿಲ್ಲ. ಶುಕ್ರವಾರದೊಳಗೆ ಹದಿನಾರನ್ನೂ ಕೆತ್ತಿ ತೆಗೆದು ಗೋಡೆ ಬೋಳು ಮಾಡಬೇಕು, ಅದೂ ರಾಜೇಸಾಬನ ಕೈಯಿಂದಲೇ, ಎಂದು ಅಪ್ಪಣೆ ಮಾಡಿದ. ರಾಜೇಸಾಬ ಎದುರಾಡದೆ ಉಳಿ ಎತ್ತಿಕೊಂಡು ಬಲಗಡೆಯ ಕೊನೆಯ ತೆನೆಯ ಮುಂದೆ ಕುಳಿತ. ಆ ತೆನೆಯಲ್ಲಿ ಐದು ಕಾಳು ಇರಲಿಲ್ಲ, ಐದು ಖಾಲಿ ಗೂಡುಗಳಿದ್ದವು.

"ಇಲ್ಲೇಕೆ ಬಿಟ್ಟೆ? ಬೇಸರ ಬಂತೇ?" ಎಂದ ಬೇಗ.

"ಬಿಟ್ಟಿಲ್ರಿ. ಗುಬ್ಬಿ ತಿಂದೈತಿ."

ಮಸೂತಿಯಲ್ಲಿ ಪ್ರಾಣಿ ಪಕ್ಷಿಗಳ ರೂಪ ಕೆತ್ತುವಂತಿಲ್ಲ. ಬೇಗ ಗಾಬರಿಯಿಂದ ಗೋಡೆಯನ್ನೆಲ್ಲ ಹುಡುಕಿದ. "ಗುಬ್ಬಿಯನ್ನೂ ಕೆತ್ತಿದ್ದೀಯಾ? ಎಲ್ಲಿ?"

"ಮಸೂತ್ಯಾಗ ಗುಬ್ಬಿ ಇರಬಾರದಲ್ರಿ. ಅದಕ್ಕ ಹಾರಿಸಿಬಿಟ್ಟೆ."

ಬೇಗ ಆ ಗೂಡುಗಳ ಮೇಲೆ ಬೆರಳಾಡಿಸಿದ. ಏನೂ ತಿಳಿಯದವನೆಂದು ತಾನು ಬಗೆದಿದ್ದ ಈ ರೈತ, ನಿಯಮ ಮುರಿಯದೆಯೇ ಹಕ್ಕಿಯೊಂದಕ್ಕೆ ಊಟವಿಟ್ಟಿದ್ದ. ದಾರೋಗ ಅವನ ಕೈಯಿಂದ ಉಳಿಯನ್ನು ತೆಗೆದುಕೊಂಡು ತನ್ನ ನಡುಪಟ್ಟಿಗೆ ಸಿಕ್ಕಿಸಿಕೊಂಡ. ಹದಿನಾರು ಮರಗಳೂ ಚೆನ್ನಾಗಿ ಬಂದಿವೆ ಎಂದಷ್ಟೇ ರಾಜಧಾನಿಗೆ ಬರೆದ ಎನ್ನುತ್ತಾರೆ.

ಇಂದಿಗೂ ಒಳಗೆ ಹೋದವರು ಬಲಗಡೆಯ ಕೊನೆಯ ತೆನೆಯನ್ನು ಮುಟ್ಟಿ ನೋಡುತ್ತಾರೆ. ಎಷ್ಟೋ ತಲೆಮಾರುಗಳ ಬೆರಳು ತಾಕಿ ಆ ಐದು ಗೂಡುಗಳು ನುಣುಪಾಗಿ ಹೊಳೆಯುತ್ತವೆ. ರಾಶಿಯ ದಿನಗಳಲ್ಲಿ ಊರಿನ ಎಲ್ಲ ಜಾತಿಯ ಮನೆಗಳಿಂದಲೂ ಒಂದೊಂದು ತೆನೆ ಬಂದು ಬಾಗಿಲ ಕಮಾನಿನಲ್ಲಿ ತೂಗುತ್ತದೆ. ಗುಬ್ಬಿಗಳು ಬಂದು ತಿನ್ನುತ್ತವೆ. ಅವನ್ನು ಓಡಿಸುವವರು ಎರೆಹಾಳದಲ್ಲಿ ಯಾರೂ ಇಲ್ಲ.